ತೆಗೆಯುವ ತಾರೀಖು

‘ರೋಗಿ ಹೇಳಿದ ಸಮಯಕ್ಕೆ ಬರಲಿಲ್ಲ.’

ನನ್ನ ನಾದಿನಿಯ ಆಸ್ಪತ್ರೆ ಕಡತದಲ್ಲಿ ಇಂಗ್ಲಿಷಿನಲ್ಲಿ ಹೀಗೊಂದು ಸಾಲಿದೆ. ಓದಿದ ದಿನದಿಂದ ಅದು ನನ್ನ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿದೆ. ಅವಳನ್ನು ಯಾರು, ಯಾವಾಗ, ಯಾವ ಭಾಷೆಯಲ್ಲಿ ಬರಹೇಳಿದ್ದರು ಎಂಬುದು ಮಾತ್ರ ಆ ಕಡತದಲ್ಲಿ ಎಲ್ಲಿಯೂ ಇಲ್ಲ.

ಅವಳನ್ನು ಕೊಟ್ಟಿರುವುದು ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ. ಶಿಲ್ಪಿಗಳ ಊರು. ಬೀದಿಗೆ ಕಾಲಿಟ್ಟರೆ ಮನೆ ಮುಂದೆಲ್ಲ ಅರೆ ಕೆತ್ತಿದ ಗಣಪತಿ, ಮೂಗು ಮೂಡದ ಅಮ್ಮನವರು, ಕಲ್ಲಿನ ಧೂಳು. ಗಂಡ ಕೆತ್ತಿದ ವಿಗ್ರಹಗಳಿಗೆ ಇವಳು ನೀರು ಹಾಕಿ ಉಜ್ಜಿ ಹೊಳಪು ಕೊಡುತ್ತಾಳೆ. 2023ರ ಜನವರಿಯಲ್ಲಿ ಒಂದು ರಾತ್ರಿ ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಬಂದು ಬೆನ್ನಿಗೆ ತೂರಿತು. ಗ್ಯಾಸ್ ಎಂದು ಸೋಡಾ ಕುಡಿಸಿದರು. ಬೆಳಗಿನ ಹೊತ್ತಿಗೆ ಅವಳು ಎದ್ದು ಕೂರುವ ಸ್ಥಿತಿಯಲ್ಲಿರಲಿಲ್ಲ.

ಮೇದೋಜೀರಕ ಗ್ರಂಥಿ ಊದಿಕೊಂಡಿದೆ ಎಂದರು ಡಾಕ್ಟರು. ‘ಕುಡಿಯುತ್ತೀರಾ?’ ಎಂದು ಕೇಳಿದ್ದಕ್ಕೆ ಅವಳ ಗಂಡ ಅವಮಾನದಿಂದ ಕೆಂಪಾದ. ಕೇಳಿದ್ದು ತಪ್ಪಲ್ಲ, ಈ ರೋಗಕ್ಕೆ ಹೆಂಡ ಒಂದು ಮುಖ್ಯ ಕಾರಣ. ಇನ್ನೊಂದು ಮುಖ್ಯ ಕಾರಣ ಪಿತ್ತಕೋಶದ ಕಲ್ಲು, ಅದು ಹೆಂಗಸರಲ್ಲಿಯೇ ಹೆಚ್ಚು. ಇವಳದೂ ಅದೇ. ಕಲ್ಲು ಕೆಳಗಿಳಿದು ದಾರಿಗೆ ಅಡ್ಡ ನಿಂತರೆ, ಊಟ ಕರಗಿಸಬೇಕಾದ ಜೀರ್ಣರಸ ಆ ಗ್ರಂಥಿಯನ್ನೇ ಕರಗಿಸತೊಡಗುತ್ತದೆ. ಸುತ್ತಲೂ ನೀರು ತುಂಬುತ್ತದೆ. ಗ್ರಂಥಿಯ ಒಂದಿಷ್ಟು ಭಾಗ ಸತ್ತರೆ ಆ ಕೊಳೆಯೂ ನೀರಿನೊಳಗೇ ಉಳಿಯುತ್ತದೆ. ನಾಲ್ಕು ವಾರದ ಹೊತ್ತಿಗೆ ಅದರ ಸುತ್ತ ಗೋಡೆ ಕಟ್ಟಿಕೊಂಡು ದೊಡ್ಡ ಚೀಲವಾಗುತ್ತದೆ. ಇವಳ ಚೀಲ ಜಠರವನ್ನು ಒತ್ತಿ, ಎರಡು ತುತ್ತು ಅನ್ನವೂ ಒಳಗೆ ನಿಲ್ಲದಂತೆ ಮಾಡಿತ್ತು.

ಹಿಂದಾಗಿದ್ದರೆ ಹೊಟ್ಟೆ ಕೊಯ್ದು ಕೊಳೆ ತೆಗೆಯಬೇಕಿತ್ತು. ಅದರಲ್ಲಿ ಸತ್ತವರು ಬಹಳ. 2010ರಲ್ಲಿ ಡಚ್ ವೈದ್ಯರು 88 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಮೊದಲು ಕೊಳವೆಯಿಂದ ನೀರಿಳಿಸಿದ ಗುಂಪಿನಲ್ಲಿ ಮೂರರಲ್ಲಿ ಒಬ್ಬರಿಗೆ ಕೊಳೆ ತೆಗೆಯುವ ಶಸ್ತ್ರಕ್ರಿಯೆಯೇ ಬೇಕಾಗಲಿಲ್ಲ. ಈಗ ಹೊರಗಿನಿಂದ ಚುಚ್ಚುವುದೂ ಬೇಡ. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಅದರ ತುದಿಯ ಅಲ್ಟ್ರಾಸೌಂಡಿನಿಂದ ಚೀಲವನ್ನು ನೋಡುತ್ತ, ಜಠರದ ಗೋಡೆಯಲ್ಲಿ ತೂತು ಮಾಡಿ ಅಲ್ಲಿ ಲೋಹದ ಸ್ಟೆಂಟ್ ಕೂರಿಸುತ್ತಾರೆ. ಹೊಲಿಗೆ ದಾರದ ಖಾಲಿ ರೀಲು ನೋಡಿದ್ದೀರಲ್ಲ, ಅದೇ ಆಕಾರ: ಎರಡು ಕಡೆ ಅಗಲ, ನಡುವೆ ಕೊಳವೆ. ಒಂದು ತುದಿ ಜಠರದಲ್ಲಿ, ಇನ್ನೊಂದು ಚೀಲದಲ್ಲಿ. ಕೊಳೆ ಜಠರಕ್ಕೆ ಇಳಿದುಹೋಗುತ್ತದೆ. ಹೈದರಾಬಾದಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿಯ ವೈದ್ಯರು 205 ರೋಗಿಗಳಿಗೆ ಲೋಹದ ಸ್ಟೆಂಟ್ ಹಾಕಿದ ಅನುಭವವನ್ನು 2017ರಲ್ಲಿ ಪ್ರಕಟಿಸಿದರು. ಸುಮಾರು ಮುಕ್ಕಾಲು ಪಾಲು ಜನರಿಗೆ ಸ್ಟೆಂಟ್ ಒಂದರಿಂದಲೇ ಗುಣವಾಗಿತ್ತು. ಆದ್ದರಿಂದ ನನ್ನ ಜಗಳ ಸ್ಟೆಂಟಿನ ಮೇಲಲ್ಲ. ನಾದಿನಿಯೂ ಅದರಿಂದಲೇ ಬದುಕಿದಳು. ಯುಗಾದಿಗೆ ಒಂದು ವಾರ ಮುಂಚೆ ಬೆಂಗಳೂರಿನಲ್ಲಿ ಹಾಕಿದರು. ಹಬ್ಬದ ದಿನ ಮಗಳ ಕೈಯಿಂದ ಒಂದು ಚೂರು ಒಬ್ಬಟ್ಟು ಇಸಿದುಕೊಂಡು ತಿಂದಳು.

ಜಗಳ ಇರುವುದು ಆಮೇಲಿನದರಲ್ಲಿ. ಈ ಸ್ಟೆಂಟು ಒಳಗೇ ಇರತಕ್ಕ ವಸ್ತುವಲ್ಲ. ಕೊಳೆ ಬರಿದಾದಂತೆ ಚೀಲ ಕುಗ್ಗುತ್ತದೆ. ಕುಗ್ಗಿದ ಚೀಲದ ಎದುರು ಗೋಡೆಗೆ ಲೋಹದ ಅಂಚು ಉಜ್ಜತೊಡಗುತ್ತದೆ. ಆ ಗೋಡೆಯ ಹಿಂದೆಯೇ ದೊಡ್ಡ ರಕ್ತನಾಳಗಳು ಹಾದುಹೋಗಿರುತ್ತವೆ. ಅಮೆರಿಕದ ಆರ್ಲ್ಯಾಂಡೊದಲ್ಲಿ ಲೋಹದ ಸ್ಟೆಂಟಿಗೂ ಪ್ಲಾಸ್ಟಿಕ್ ಸ್ಟೆಂಟಿಗೂ ಹೋಲಿಕೆ ಮಾಡಲು 60 ರೋಗಿಗಳ ಮೇಲೆ ಪರೀಕ್ಷೆ ನಡೆಸಿದರು. ನಡುವೆಯೇ ರಕ್ತಸ್ರಾವದಂಥ ತೊಂದರೆಗಳು ಕಂಡು ನಿಯಮ ಬದಲಿಸಬೇಕಾಯಿತು: ಮೂರನೆಯ ವಾರಕ್ಕೆ ಸ್ಕ್ಯಾನ್, ಚೀಲ ಕರಗಿದ್ದರೆ ಕೂಡಲೇ ಸ್ಟೆಂಟ್ ಹೊರಗೆ. ಗುಣವಾಗುವುದರಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಕಾಣಲಿಲ್ಲವೆಂದು 2019ರಲ್ಲಿ ಪ್ರಕಟವಾಯಿತು. ಬರೀ ನೀರು ತುಂಬಿ ಕೊಳೆಯಿಲ್ಲದಿದ್ದರಂತೂ ಅಗ್ಗದ ಪ್ಲಾಸ್ಟಿಕ್ಕೇ ಸಾಕಾಗುವುದುಂಟು. ಬೆಲೆ ಹೆಚ್ಚಿನದು ಯಾವಾಗಲೂ ಮೇಲಿನದೆಂಬ ಭ್ರಮೆ ಸೀರೆ ಅಂಗಡಿಗೆ ಸರಿ, ಹೊಟ್ಟೆಯೊಳಗಿನ ವಿಷಯಕ್ಕೆ ಸಲ್ಲ.

ಇದೆಲ್ಲ ಡಾಕ್ಟರಿಗೆ ಗೊತ್ತು. ಶಿವಾರಪಟ್ಟಣಕ್ಕೆ ಯಾರು ಹೇಳಿದರು? ಡಿಸ್ಚಾರ್ಜ್ ಕಾಗದ ಐದು ಪುಟ, ಅಷ್ಟೂ ಇಂಗ್ಲಿಷು. ಕೊನೆಯಲ್ಲಿ ಒಂದು ಸಾಲು: ‘ರಿವ್ಯೂ ಆಫ್ಟರ್ ಫೋರ್ ವೀಕ್ಸ್.’ ಒಳಗೊಂದು ಲೋಹವಿದೆ, ಅದನ್ನು ತೆಗೆಯಲೇಬೇಕು, ತೆಗೆಯದಿದ್ದರೆ ರಕ್ತ ಹರಿದೀತು ಎಂಬುದನ್ನು ಈ ನಾಲ್ಕು ಪದದಲ್ಲಿ ಯಾರು ಓದಿಕೊಳ್ಳಬೇಕು? ನಾನೇ ಓದಿಕೊಳ್ಳಲಿಲ್ಲ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು. ಆ ಕಾಗದವನ್ನು ಕೋಲಾರದ ನಮ್ಮ ಮನೆಯ ಜಗುಲಿಯಲ್ಲಿ ಕೂತು ಓದಿ, ‘ಒಂದು ತಿಂಗಳು ಬಿಟ್ಟು ತೋರಿಸಬೇಕಂತೆ ಕಣೇ’ ಎಂದೆ, ಅಷ್ಟೆ. ಸ್ಟೆಂಟ್ ಎಂದರೆ ನಮಗೆಲ್ಲ ಗೊತ್ತಿರುವುದು ಹೃದಯದ್ದು. ಪಕ್ಕದ ಮನೆಯ ಯಜಮಾನರಿಗೆ ಹಾಕಿ ಹನ್ನೊಂದು ವರ್ಷವಾಯಿತು, ಅದು ಅವರ ಜೊತೆಗೇ ಇದೆ, ತೆಗೆಯುವ ಮಾತೇ ಇಲ್ಲ. ಇದೂ ಹಾಗೇ ಎಂದುಕೊಂಡೆ. ಹೆಸರು ಒಂದೇ ಆದ್ದರಿಂದ ಎಂಥ ಮೋಸ! ಸ್ಟೆಂಟ್ ಎಂಬ ಹೆಸರು ಬಂದದ್ದು ಹತ್ತೊಂಬತ್ತನೆಯ ಶತಮಾನದ ಚಾರ್ಲ್ಸ್ ಸ್ಟೆಂಟ್ ಎಂಬ ಇಂಗ್ಲೆಂಡಿನ ಹಲ್ಲಿನ ವೈದ್ಯನಿಂದ ಎನ್ನುತ್ತಾರೆ. ಅವನು ಮಾಡಿದ್ದು ಹಲ್ಲಿನ ಅಚ್ಚು ತೆಗೆಯುವ ಲೇಪ. ಬಾಯಿಯಲ್ಲಿಟ್ಟು, ಅಚ್ಚು ಮೂಡಿದ ಮೇಲೆ ಹೊರಗೆ ತೆಗೆಯಲೇಬೇಕಾದ ವಸ್ತು!

ಏಪ್ರಿಲ್ ಮಧ್ಯಕ್ಕೆ ಆ ನಾಲ್ಕು ವಾರ ಮುಗಿಯಿತು. ನೋವಿಲ್ಲ, ಊಟ ಸೇರುತ್ತಿದೆ. ದೇವಸ್ಥಾನಗಳ ಪ್ರತಿಷ್ಠೆಯ ಕಾಲ, ವಿಗ್ರಹಗಳ ಕೆಲಸ ತಲೆಯ ಮೇಲಿತ್ತು. ಅವಳು ಬೆಂಗಳೂರಿಗೆ ಹೋಗಬೇಕೆಂದರೆ ಮಾಲೂರಿಗೆ ಬಸ್ಸು, ಅಲ್ಲಿಂದ ರೈಲು, ಜೊತೆಗೊಬ್ಬರು, ಇಬ್ಬರ ದುಡಿಮೆ ಹಾಳು. ಎರಡು ಬಳೆ ಆಗಲೇ ಗಿರವಿ ಅಂಗಡಿಯಲ್ಲಿದ್ದವು. ‘ನೋವೇ ಇಲ್ಲವಲ್ಲ, ಮತ್ತೆ ಯಾಕಮ್ಮ ದುಡ್ಡು ದಂಡ?’ ಎಂದರು ಅವಳ ಅತ್ತೆ. ಅವರನ್ನು ನಾನು ಬೈಯಲಾರೆ. ನಮ್ಮ ಮನೆಗಳಲ್ಲಿ ಹೆಂಗಸು ಆಸ್ಪತ್ರೆಗೆ ಹೋಗುವುದು ನೋವಿದ್ದಾಗ ಮಾತ್ರ, ಅದೂ ತಡೆಯಲಾರದ ನೋವು. ನೋವಿಲ್ಲದ ಹೆಂಗಸಿಗೆ ಬಸ್ ಚಾರ್ಜು ಕೊಡುವವರು ಯಾರು?

ಮೇ ಕೊನೆಯ ವಾರ ಬೆಳಗಿನ ಜಾವ ರಕ್ತ ವಾಂತಿ ಮಾಡಿಕೊಂಡಳು. ಒಂದು ಚೊಂಬಿನಷ್ಟು.

ಬೇರೊಂದು ಆಸ್ಪತ್ರೆಯಲ್ಲಿ ತೊಡೆಸಂದಿನ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಸೋರುತ್ತಿದ್ದ ಕಡೆ ಲೋಹದ ಪುಟ್ಟ ಸುರುಳಿಗಳನ್ನಿಟ್ಟು ಮುಚ್ಚಿದರು. ಆಮೇಲೆ ಸ್ಟೆಂಟನ್ನು ಎಂಡೋಸ್ಕೋಪಿನಿಂದ ಹಿಡಿದು ಎಳೆದರು. ಬದುಕಿದಳು. ಉಳಿದ ಒಡವೆಯೂ ಹೋಯಿತು. ಹಳೆಯ ಕಡತ ತರಿಸಿದಾಗ ಕಂಡದ್ದು ಆ ಸಾಲು: ರೋಗಿ ಬರಲಿಲ್ಲ.

ನಮ್ಮೂರಿನ ಆರೋಗ್ಯ ಉಪಕೇಂದ್ರದಲ್ಲಿ ಕಾಪರ್-ಟಿ ಹಾಕುವ ಸಿಸ್ಟರ್ ಒಂದು ಕಾರ್ಡು ಕೊಡುತ್ತಾರೆ. ಹಾಕಿದ ದಿನ, ತೆಗೆಯಬೇಕಾದ ವರ್ಷ ಅದರಲ್ಲಿ ಇರುತ್ತದೆ. ಬೀದಿಯಲ್ಲಿ ಸಿಕ್ಕರೂ ‘ದಾರ ಸಿಗುತ್ತದೇನಮ್ಮ?’ ಎಂದು ಕೇಳುತ್ತಾರೆ, ನಾವು ನಾಚಿ ಸಾಯಬೇಕು. ಹತ್ತು ವರ್ಷ ಒಳಗಿರಬಹುದಾದ, ಸರ್ಕಾರ ಪುಕ್ಕಟೆ ಕೊಡುವ ವಸ್ತುವಿಗೆ ಅಷ್ಟು ಜವಾಬ್ದಾರಿ. ತಿಂಗಳೊಳಗೆ ತೆಗೆಯಬೇಕಾದ, ಬಳೆ ಗಿರವಿಯಿಟ್ಟು ಹಾಕಿಸಿಕೊಂಡ ವಸ್ತುವಿಗೆ ಒಂದು ಕಾರ್ಡಿಲ್ಲ, ಒಂದು ಫೋನಿಲ್ಲ. ಬಿಲ್ಲು ಬಾಕಿ ಇದ್ದಿದ್ದರೆ ಎಷ್ಟು ಫೋನು ಬರುತ್ತಿತ್ತೋ! ತಾರಸಿ ಹಾಕುವ ಮೇಸ್ತ್ರಿಯೂ ಸೆಂಟ್ರಿಂಗ್ ಬಿಚ್ಚುವ ದಿನ ಹೇಳಿಯೇ ಹೋಗುತ್ತಾನೆ.

ಡಾಕ್ಟರುಗಳಿಗೆ ಪುರುಸೊತ್ತಿಲ್ಲ, ಒಪ್ಪಿದೆ. ಹೊರಗೆ ನೂರು ಜನ ಕಾದಿರುತ್ತಾರೆ. ಆದರೆ ಹಾಕುವಾಗ ಒಪ್ಪಿಗೆಗೆ ಸಹಿ ತೆಗೆದುಕೊಳ್ಳಲು ಪುರುಸೊತ್ತಾಗುತ್ತದಲ್ಲ? ಅದೇ ಕಾಗದದ ಬೆನ್ನಿಗೆ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ತೆಗೆಯುವ ತಾರೀಖು ಬರೆಯಲಿ. ತೆಗೆಯುವ ಖರ್ಚನ್ನೂ ಹಾಕುವ ಖರ್ಚಿನಲ್ಲೇ ಸೇರಿಸಿ ಹೇಳಲಿ. ಇಲ್ಲವಾದರೆ ಎರಡನೆಯ ಸಲ ದುಡ್ಡು ಹೊಂದಿಸುವಷ್ಟರಲ್ಲೇ ತಿಂಗಳು ಕಳೆದಿರುತ್ತದೆ. ಹೃದಯದ ಸ್ಟೆಂಟಿಗೆ 2017ರ ಫೆಬ್ರವರಿಯಲ್ಲಿ ಕೇಂದ್ರದ ಬೆಲೆ ನಿಗದಿ ಪ್ರಾಧಿಕಾರ ಮಿತಿ ಹಾಕಿತು: ಬರೀ ಲೋಹದ್ದಕ್ಕೆ 7,260 ರೂಪಾಯಿ, ಔಷಧಿ ಲೇಪಿಸಿದ್ದಕ್ಕೆ 29,600. ಅದೇ ಆಗಸ್ಟಿನಲ್ಲಿ ಮಂಡಿ ಚಿಪ್ಪಿಗೂ ಬಂತು. ಹೊಟ್ಟೆಯ ಸ್ಟೆಂಟು ಆ ಆದೇಶಗಳಲ್ಲಿ ಇರಲಿಲ್ಲ. ಹೃದಯಕ್ಕೆ ಗಲಾಟೆ ಮಾಡುವವರಿದ್ದರು. ಹೊಟ್ಟೆಗೂ ಯಾರಾದರೂ ಮಾಡಬೇಕು.

ಆಗಸ್ಟಿನಲ್ಲಿ ಅವಳ ಪಿತ್ತಕೋಶವನ್ನೂ ತೆಗೆದರು; ಕಲ್ಲು ಉಳಿದಿದ್ದರೆ ಇದೇ ಕಥೆ ಮತ್ತೆ ಶುರುವಾಗಬಹುದಿತ್ತು. ಮನೆಗೆ ಕಳಿಸುವ ದಿನ ಡಾಕ್ಟರು ಕಾಗದ ಕೊಟ್ಟರು, ಮತ್ತದೇ ಇಂಗ್ಲಿಷು. ನಾನು ಬಾಯಿ ತೆಗೆಯುವ ಮೊದಲೇ ನಾದಿನಿ ಅದನ್ನು ತಿರುಗಿಸಿ, ಖಾಲಿ ಬೆನ್ನನ್ನು ಅವರ ಮುಂದಿಟ್ಟಳು.

‘ಒಳಗೆ ಇನ್ನೇನಾದರೂ ಬಿಟ್ಟಿದ್ದೀರಾ ಸಾರ್?’

‘ಆ ಸುರುಳಿಗಳಿವೆಯಲ್ಲಮ್ಮ. ಅವು ಅಲ್ಲೇ ಇರತಕ್ಕವು, ತೆಗೆಯುವ ಹಾಗಿಲ್ಲ. ಬೇರೇನೂ ಇಲ್ಲ.’

‘ಹಾಗಂತ ಇಲ್ಲಿ ಬರೆದುಕೊಡಿ. ಕನ್ನಡದಲ್ಲಿ.’

ಅವರು ನನ್ನ ಮುಖ ನೋಡಿದರು. ನಾನು ಕಿಟಕಿಯ ಕಡೆ ನೋಡುತ್ತ ಕೂತೆ. ಅವರು ಜೇಬಿನಿಂದ ಪೆನ್ನು ತೆಗೆದರು.