ಬಿಡಿಭಾಗದ ಲೆಕ್ಕವೂ ಬೇಕು



ಬೈಕ್ ಎಂಜಿನ್‌ಗಳ ಬಾಳಿಕೆ ಕುರಿತ ನಿಮ್ಮ ಲೇಖನದಲ್ಲಿ ಅಶ್ವಶಕ್ತಿ, ಮೈಲೇಜಿನ ಮಾತೇ ಹೆಚ್ಚಾಯಿತು. ನಮ್ಮೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿದರೂ ಅಲ್ಲಿ ತಯಾರಾದ 250 ಸಿಸಿ ಯೆಜ್ಡಿ ಬೈಕುಗಳು ಇನ್ನೂ ಓಡುತ್ತಿವೆ. ಟೂ-ಸ್ಟ್ರೋಕ್ ಎಂಜಿನ್, ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಸಿಲಿಂಡರ್ ಸವೆದರೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಕೂರಿಸಿದರಾಯಿತು. ಸೈಲೆನ್ಸರಿನ ಮಸಿ ಕೆರೆಯುವ ರಗಳೆ ಮಾತ್ರ ತಪ್ಪದು. ಪೆಟ್ರೋಲ್ ಕುಡಿಯುವುದು, ಹೊಗೆ ಕಾರುವುದು ನಿಜ, ಅದನ್ನು ಹೊಗಳಲಾರೆ.

ಫ್ಯೂಯಲ್ ಇಂಜೆಕ್ಷನ್ ಬೈಕುಗಳು ಹೊಗೆಯಲ್ಲೂ ಖರ್ಚಿನಲ್ಲೂ ವಾಸಿ. ಆದರೆ ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕ (ಇಸಿಯು) ಕೆಟ್ಟರೆ ಬೀದಿಬದಿಯ ಮೆಕ್ಯಾನಿಕ್ ಏನು ಮಾಡಿಯಾನು? ಹದಿನೈದು ವರ್ಷ ಕಳೆದ ಮೇಲೆ ಅದು ಸಿಗುತ್ತದೆಯೇ? ಮುಂದೆ ಹೊಸ ಬೈಕಿನ ಬಗ್ಗೆ ಬರೆಯುವಾಗ ಬಿಡಿಭಾಗಗಳ ಬೆಲೆ, ಅವನ್ನು ಎಷ್ಟು ವರ್ಷ ಪೂರೈಸುತ್ತಾರೆ ಎಂಬುದನ್ನು ಕಂಪನಿಗಳಿಂದಲೇ ಕೇಳಿ ಪ್ರಕಟಿಸಿ.

– ಓದುಗ, ಮೈಸೂರು