ತಾಳ ನಿಂತ ಮೇಲೆ ಉಳಿಯುವುದೇನು?

ಹಿಪ್ ಹಾಪ್ ಎಂಬ ಹಾಡುಗಾರಿಕೆಯ ಮಾತು ಬಂದರೆ ಸಾಕು, ನಮ್ಮ ಮೈಸೂರಿನಲ್ಲಿ ಎರಡು ಪಕ್ಷಗಳು ಎದ್ದು ನಿಲ್ಲುತ್ತವೆ. 'ವೀಣೆ ಶೇಷಣ್ಣನವರ ಊರಿನಲ್ಲಿ ಇದೆಂಥ ಅರಚಾಟ!' ಎಂದು ಕಿವಿ ಮುಚ್ಚಿಕೊಳ್ಳುವವರದು ಒಂದು ಪಕ್ಷ. 'ಕಾಲ ಬದಲಾಗಿದೆ ಸ್ವಾಮಿ, ಹುಡುಗರು ಕುಣಿಯಲಿ ಬಿಡಿ' ಎನ್ನುವವರದು ಇನ್ನೊಂದು. ಮೊದಲನೆಯವರು ಕೇಳದೆ ಬೈಯುತ್ತಾರೆ. ಎರಡನೆಯವರು ಕೇಳದೆ ಹೊಗಳುತ್ತಾರೆ. ಕೇಳಿ ಬೈಯುವವರು, ಕೇಳಿ ಹೊಗಳುವವರು ಸಿಕ್ಕುವುದೇ ಅಪರೂಪ. ಈ ಆಲ್ಬಮುಗಳನ್ನು ಕೆಲವು ವರ್ಷಗಳಿಂದ ಕುಳಿತು ಕೇಳುತ್ತ ಬಂದವನು ನಾನು. ಎರಡು ಪಕ್ಷಕ್ಕೂ ಬೇಡವಾದ ನಾಲ್ಕು ಮಾತುಗಳನ್ನು ಹೇಳುವ ಹಕ್ಕು ಅಷ್ಟರಮಟ್ಟಿಗೆ ನನಗುಂಟು.

ಮೊದಲು ಕಿವಿ ಮುಚ್ಚಿಕೊಂಡವರಿಗೆ. ಪರದೇಶದ ಸಂಗೀತವೆಂದು ಮೂಗು ಮುರಿಯುವುದು ಈ ಊರಿನ ಸಂಪ್ರದಾಯವೇ ಅಲ್ಲ. 1940ರ ದಶಕದ ಕೊನೆಯಲ್ಲಿ, ಲಂಡನ್ನಿನಲ್ಲಿ ಮುಪ್ಪು ಕಾಯಿಲೆಗಳಿಂದ ಸೊರಗಿದ್ದ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರನ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರು. ಗದ್ದಲವೆಂಬ ದೂರೂ ನಿಲ್ಲುವುದಿಲ್ಲ. ನಾಲ್ಕು ತಂತಿಯ ಪಿಟೀಲಿನ ದನಿ ಸಭೆಗೆ ಸಾಲದೆಂದು ಏಳು ತಂತಿ ಬಿಗಿದ ಚೌಡಯ್ಯನವರೂ ಇದೇ ಊರಿನಲ್ಲಿ ಬಾಳಿದವರು. ಹೊರಗಿನದು, ಜೋರಿನದು ಎಂಬ ಎರಡು ಕಾರಣಕ್ಕೆ ಒಂದು ಕಲೆಯನ್ನು ಹೊರಗಟ್ಟುವುದಾದರೆ ಮೈಸೂರಿನ ಸಂಗೀತದ ಇತಿಹಾಸದಲ್ಲೇ ಹಲವು ಪುಟಗಳನ್ನು ಹರಿಯಬೇಕಾದೀತು.

ಹಾಗಾದರೆ ಇದನ್ನು ಅಳೆಯುವುದು ಹೇಗೆ? ನನ್ನ ಅಳತೆಗೋಲು ಒಂದೇ: ಮಾತು. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಜಮೈಕದಿಂದ ಬಂದಿದ್ದ ಕೂಲ್ ಹರ್ಕ್ ಎಂಬ ತರುಣ ತನ್ನ ತಂಗಿ ಏರ್ಪಡಿಸಿದ ಔತಣಕೂಟದಲ್ಲಿ ಹಾಡಿನ ತಟ್ಟೆಗಳನ್ನು ತಿರುಗಿಸಿ, ಹಾಡಿನ ನಡುವೆ ಬರುವ ತಾಳದ ತುಣುಕನ್ನೇ ಹಿಗ್ಗಿಸಿ ನುಡಿಸಿದ. ಈ ಕಲೆ ಹುಟ್ಟಿದ್ದು ಅಲ್ಲಿ ಎಂದು ಲೆಕ್ಕ. ಆ ತಾಳದ ಮೇಲೆ ಆಡುವ ಮಾತಿಗೇ ರ‍್ಯಾಪ್ ಎಂದು ಹೆಸರು. ನಮ್ಮ ಕಚೇರಿಯಲ್ಲಿ ಸಾಹಿತ್ಯ ಸಪ್ಪೆಯಾದರೆ ರಾಗ ಬಂದು ಕಾಪಾಡುತ್ತದೆ. ತೋಡಿಯೋ ಕಾಂಬೋದಿಯೋ ಪದಗಳ ಬಡತನವನ್ನು ಮುಚ್ಚುತ್ತದೆ. ರ‍್ಯಾಪ್‌ನಲ್ಲಿ ಹಾಗೆ ಬಂದು ಕಾಪಾಡುವ ರಾಗವಿಲ್ಲ. ಇರುವುದು ತಾಳ ಮತ್ತು ಮಾತು. ತಾಳವನ್ನು ಯಂತ್ರವೂ ಕೊಟ್ಟೀತು. ಮಾತನ್ನು ಮಾತ್ರ ಮನುಷ್ಯನೇ ತರಬೇಕು. ಆದ್ದರಿಂದ, ತಾಳ ನಿಂತ ಮೇಲೆ ಉಳಿಯುವುದೇನು ಎಂದು ಕೇಳುವುದು ಈ ಕಲೆಗೆ ಮಾಡುವ ಅನ್ಯಾಯವಲ್ಲ, ಮರ್ಯಾದೆ.

ಈ ಅಳತೆಯಲ್ಲಿ ನನಗೆ ಎಲ್ಲಕ್ಕಿಂತ ಮೇಲಾಗಿ ಕಾಣುವುದು 1994ರಲ್ಲಿ ನಾಸ್ ಎಂಬ ಇಪ್ಪತ್ತು ವರ್ಷದ ಹುಡುಗ ಹೊರತಂದ 'ಇಲ್ಮ್ಯಾಟಿಕ್'. ಹತ್ತು ಭಾಗ, ಒಟ್ಟು ನಲವತ್ತು ನಿಮಿಷವೂ ಇಲ್ಲ. ಕ್ವೀನ್ಸ್‌ಬ್ರಿಜ್ ಎಂಬ ಸರ್ಕಾರಿ ವಸತಿಯ ಮೆಟ್ಟಿಲು, ಮೂಲೆ, ಗೆಳೆಯರು, ಭಯ, ಎಲ್ಲವೂ ಅದರಲ್ಲಿವೆ. ಸೆರೆಮನೆಯಲ್ಲಿರುವ ಗೆಳೆಯರಿಗೆ ಬರೆದ ಕಾಗದದ ರೂಪದಲ್ಲಿ ಒಂದು ಹಾಡಿದೆ. ಕೇರಿಯ ಸುದ್ದಿಯನ್ನೆಲ್ಲ ಅದು ಬಡಬಡಿಕೆಯಿಲ್ಲದೆ ತಿಳಿಸುತ್ತದೆ. ತಾಳ ತೆಗೆದು ಓದಿ ನೋಡಿ, ಕಾಗದ ಕಾಗದವಾಗಿಯೇ ಉಳಿಯುತ್ತದೆ.

ಅದಕ್ಕೆ ಎದುರಾಗಿ 1992ರಲ್ಲಿ ಬಂದ ಡಾಕ್ಟರ್ ಡ್ರೆಯವರ 'ದ ಕ್ರಾನಿಕ್' ಅನ್ನು ಇಡಿ. ನಾದದ ಕಸುಬಿನಲ್ಲಿ ಅದಕ್ಕೆ ಸಾಟಿ ಕಡಿಮೆ. ಆ ಮಂದಗತಿಯ ಮೋಹಕ ಧಾಟಿಯನ್ನು ಲೋಕವೆಲ್ಲ ನಕಲು ಮಾಡಿತು. ಆದರೆ ಮಾತು? ಬಂದೂಕು, ಬೆದರಿಕೆ, ಹೆಂಗಸರ ಮೇಲಿನ ಬೈಗುಳ. ರೇಷ್ಮೆಯ ಚೀಲದಲ್ಲಿ ಕಲ್ಲು ತುಂಬಿ ಕೊಟ್ಟ ಹಾಗೆ. ನಮ್ಮ ಹುಡುಗರು ಅಮೆರಿಕದಿಂದ ಆರಿಸಿಕೊಂಡದ್ದು ಬಹುಮಟ್ಟಿಗೆ ಈ ಚೀಲವನ್ನೇ ಎಂಬುದು ನನ್ನ ದೂರು. ಅದೂ ರೇಷ್ಮೆಯನ್ನು ಅಲ್ಲೇ ಬಿಟ್ಟು, ಕಲ್ಲನ್ನಷ್ಟೆ ಹೊತ್ತು ತಂದರು.

ಆರಿಸಿಕೊಳ್ಳಲು ಬೇರೆ ಇರಲಿಲ್ಲವೆ? ಲಾರಿನ್ ಹಿಲ್ ಎಂಬ ತರುಣಿಯ 1998ರ ಆಲ್ಬಮ್ ಶಾಲೆಯ ಕೊಠಡಿಯ ಹಾಜರಿಯಿಂದ ಮೊದಲಾಗುತ್ತದೆ; ಮಾಸ್ತರು ಹೆಸರು ಕರೆದಾಗ ಆಕೆ ಅಲ್ಲಿಲ್ಲ. ಪ್ರೀತಿಯ ಬಗ್ಗೆ ಶಾಲೆ ಕಲಿಸದ ಪಾಠವನ್ನು ಮುಂದಿನ ಹಾಡುಗಳು ಕಲಿಸುತ್ತವೆ. 1999ರಲ್ಲಿ ವರ್ಷದ ಆಲ್ಬಮಿಗೆ ಕೊಡುವ ಗ್ರ್ಯಾಮಿ ಪ್ರಶಸ್ತಿ ಪಡೆದ ಮೊದಲ ಹಿಪ್ ಹಾಪ್ ಕೃತಿ ಅದು. ಕೆಂಡ್ರಿಕ್ ಲಮಾರ್ 2015ರಲ್ಲಿ ತಂದ 'ಟು ಪಿಂಪ್ ಎ ಬಟರ್‌ಫ್ಲೈ'ಯಲ್ಲಿ ಒಂದು ಪದ್ಯ ಹಾಡಿನಿಂದ ಹಾಡಿಗೆ ತುಸುತುಸುವೇ ಬೆಳೆಯುತ್ತ ಹೋಗಿ ಕಡೆಯಲ್ಲಿ ಪೂರ್ತಿಯಾಗುತ್ತದೆ. ಪೂರ್ತಿಯಾದದ್ದನ್ನು ಅವರು ಓದಿ ಹೇಳುವುದು 1996ರಲ್ಲೇ ತೀರಿಕೊಂಡ ಟೂಪಾಕ್ ಎಂಬ ಹಿರಿಯ ಗಾಯಕನಿಗೆ. ಹಳೆಯ ಸಂದರ್ಶನವೊಂದರ ದನಿಯನ್ನು ಜೋಡಿಸಿ ಆ ಸಂಭಾಷಣೆಯನ್ನು ಕಟ್ಟಿದ್ದಾರೆ. ಪುಲಿಟ್ಸರ್ ಪ್ರಶಸ್ತಿ ಬಂದದ್ದು ಅವರ ಮುಂದಿನ ಕೃತಿ 'ಡ್ಯಾಮ್'ಗೆ, 2018ರಲ್ಲಿ. ಪ್ರಶಸ್ತಿ ಒಂದು ಪುಸ್ತಕ ತಡವಾಗಿ ಬರುವುದು ನಮಗೇನೂ ಹೊಸದಲ್ಲ. ನನ್ನ ತೀರ್ಪು ಮೊದಲಿನದರ ಕಡೆಗೇ.

ದೂರದ ಅಮೆರಿಕ ಬೇಡವೆನ್ನುವವರು ನೆರೆಯ ತಮಿಳನ್ನು ನೋಡಲಿ. ಅರಿವು ಎಂಬ ಕವಿ 2019ರಲ್ಲಿ ಸಂಗೀತಗಾರ ಆಫ್ರೋ ಅವರ ಜೊತೆಗೂಡಿ ಹೊರತಂದ ಆಲ್ಬಮಿನ ಹೆಸರು 'ತೆರುಕ್ಕುರಳ್'. 'ತೆರು' ಎಂದರೆ ಬೀದಿ. ತಿರುವಳ್ಳುವರರ ಗ್ರಂಥದ ಹೆಸರಿನಲ್ಲಿ ಒಂದು ಅಕ್ಷರ ಬದಲಿಸಿ, ಹಳೆಯ ಸಾಹಿತ್ಯವನ್ನೂ ಬೀದಿಯನ್ನೂ ಒಂದೇ ಪದದಲ್ಲಿ ಕೂಡಿಸಿದರು. 2018ರಲ್ಲಿ ತೂತ್ತುಕ್ಕುಡಿಯ ಗೋಲಿಬಾರಿನಲ್ಲಿ ಸತ್ತ ಹುಡುಗಿಯ ಹೆಸರನ್ನೇ ಹೊತ್ತ ಹಾಡು ಅದರಲ್ಲಿದೆ. ಆ ಭಾಷೆ ನನಗೆ ಅಷ್ಟಕ್ಕಷ್ಟೆ. ಆದರೂ ಮಾತಿಗೆ ಬೆನ್ನೆಲುಬಿದೆ ಎಂದು ಕಿವಿಗೇ ತಿಳಿಯುತ್ತದೆ.

ಈಗ ಕನ್ನಡಕ್ಕೆ ಬರೋಣ. ಶಕ್ತಿಯಿಲ್ಲವೆಂದರೆ ಸುಳ್ಳಾದೀತು. ಆಲ್ ಓಕೆ, ರಾಹುಲ್ ಡಿಟ್ಟೊ, ಎಂ. ಸಿ. ಬಿಜ್ಜು ಮೊದಲಾದವರು ಬೆಂಗಳೂರಿನ ಬೀದಿಗನ್ನಡಕ್ಕೆ ಹೊಸ ವೇಗ ಕಲಿಸಿದ್ದಾರೆ. ಬೆಂಗಳೂರಿನವರೇ ಆದ ಬ್ರೋಧಾ ವಿ 2012ರಲ್ಲೇ ರಾಮನಾಮಕ್ಕೆ ಇಂಗ್ಲಿಷ್ ರ‍್ಯಾಪ್ ಹೊಂದಿಸಿದರು. ಕಸುಬು ಅಚ್ಚುಕಟ್ಟಾದದ್ದೇ, ಆದರೆ ನಾಲಗೆ ಇಂಗ್ಲಿಷಿನದು. ಚಂದನ್ ಶೆಟ್ಟಿಯವರ 'ತ್ರೀ ಪೆಗ್' ಮೆರವಣಿಗೆಯ ಧ್ವನಿವರ್ಧಕದಲ್ಲೆಲ್ಲ ಮೊಳಗಿತು. ಮೊಳಗಲಿ, ಹೆಂಡದ ಮೇಲೆ ನಮ್ಮ ರತ್ನನೂ ಹಾಡಿದ್ದಾನೆ. ಆದರೆ ರಾಜರತ್ನಂ ಅವರ ರತ್ನ ಕುಡಿದಾಗ ಹೆಂಡತಿ, ಕನ್ನಡ, ದೇವರು ಎಲ್ಲವೂ ಅವನ ಬಾಯಲ್ಲಿ ಬರುತ್ತವೆ. ಇಲ್ಲಿ ಕುಡಿದವನ ಬಾಯಲ್ಲಿ ಬರುವುದು ಕುಡಿತವೊಂದೇ.

ಕನ್ನಡ ರ‍್ಯಾಪ್‌ನ ಮೂಲ ದೋಷ ನನಗೆ ಕಾಣುವುದು ಪ್ರಾಸದಲ್ಲಿ. ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆ. ಬರ್ತೀನಿ, ಇರ್ತೀನಿ, ತರ್ತೀನಿ, ಸಾಯ್ತೀನಿ ಎಂದು ಸಾಲು ಮುಗಿಸುತ್ತ ಹೋದರೆ ಅಂತ್ಯಪ್ರಾಸ ಪುಕ್ಕಟೆ ಸಿಕ್ಕುತ್ತದೆ. ಇಂಗ್ಲಿಷಿನವನು ಹುಡುಕಿ ತರಬೇಕಾದ್ದನ್ನು ನಮ್ಮ ವ್ಯಾಕರಣವೇ ಬಾಗಿಲಿಗೆ ತಂದು ಸುರಿಯುತ್ತದೆ. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯುಂಟೆ? ನಮ್ಮ ಹಿಂದಿನ ಕವಿಗಳು ಪ್ರಾಸವನ್ನು ಸಾಲಿನ ಎರಡನೆಯ ಅಕ್ಷರದಲ್ಲಿ ಕಟ್ಟಿದ್ದು ಅದಕ್ಕೇ ಇದ್ದೀತು ಎಂದು ನನಗೆ ಅನ್ನಿಸುವುದುಂಟು. ಅದು ಬೆವರಿಳಿಸುವ ಕೆಲಸ. 1911ರಲ್ಲಿ ಗೋವಿಂದ ಪೈಗಳು ಆ ಕಟ್ಟನ್ನು ಬಿಚ್ಚಿದ್ದು ಅರ್ಥಕ್ಕೆ ಉಸಿರಾಡಲು ಜಾಗ ಬೇಕೆಂದು, ಸೋಮಾರಿತನಕ್ಕೆ ಹಾಸಿಗೆ ಹಾಸಲೆಂದಲ್ಲ. ನಮ್ಮ ರ‍್ಯಾಪ್ ಕವಿಗಳು ಒಂದು ವಾರ '-ತೀನಿ' ಎಂಬ ಪ್ರತ್ಯಯಕ್ಕೆ ಉಪವಾಸ ಮಾಡಲಿ. ಆಗ ತಿಳಿಯುತ್ತದೆ, ಯಾರ ಚೀಲದಲ್ಲಿ ಎಷ್ಟು ಮಾತಿದೆ ಎಂದು.

ಇಂಗ್ಲಿಷ್ ಬೆರಕೆಗೆ ನನ್ನ ಆಕ್ಷೇಪವಿಲ್ಲ. ಮೈಸೂರಿನಲ್ಲೇ ಹುಟ್ಟಿದ ಕೈಲಾಸಂ ಅವರು ನಾಟಕಗಳ ತುಂಬ ಇಂಗ್ಲಿಷ್ ಬೆರೆಸಿದರು. ಆದರೆ ಅಲ್ಲಿ ಒಂದೊಂದು ಇಂಗ್ಲಿಷ್ ಪದವೂ ಆಡಿದವನ ಸೋಗನ್ನು ಬಯಲಿಗೆಳೆಯುತ್ತದೆ. ಇಲ್ಲಿ ಅದು ಸೋಗನ್ನೇ ಹೊದಿಸುತ್ತದೆ. ಕನ್ನಡ ಪದ ಸಿಕ್ಕದ ಕಡೆ ತುಂಬಿದ ಗಾರೆಯಾಗುತ್ತದೆ.

ಇನ್ನು 2020ರ 'ಕೋಲುಮಂಡೆ' ಪ್ರಕರಣ. ಮಲೆಯ ಮಾದೇಶ್ವರನ ಪದವನ್ನು ರ‍್ಯಾಪ್ ಮಾಡಿದ್ದಕ್ಕೆ, ಶಿವಶರಣೆ ಸಂಕಮ್ಮನನ್ನು ತೋರಿಸಿದ ರೀತಿಗೆ ಭಕ್ತರು ಸಿಟ್ಟಾದರು, ಗಾಯಕರು ಕ್ಷಮೆ ಕೇಳಿದರು, ದೃಶ್ಯವನ್ನು ಹಿಂತೆಗೆದುಕೊಂಡರು. ವಾದವೆಲ್ಲ ನಡೆದದ್ದು ಉಡುಗೆಯ ಮೇಲೆ. ಮಾತಿನ ವಿಚಾರ ಯಾರೂ ಎತ್ತಿದ್ದು ನನಗೆ ಕೇಳಿಸಲಿಲ್ಲ. ಸಂಕಮ್ಮ ಯಾರು? ಕಾಡಿಗೆ ಹೊರಟ ಗಂಡ ಅವಳ ಶೀಲವನ್ನು ಅನುಮಾನಿಸಿ ಬಲಗೈ ಭಾಷೆ ಕೇಳುತ್ತಾನೆ. ಅವಳು ಕೊಡಲೊಲ್ಲಳು. ಅದಕ್ಕಾಗಿ ಅವನು ಕೊಡುವ ಹಿಂಸೆಯನ್ನೆಲ್ಲ ಉಣ್ಣುತ್ತಾಳೆ, ಆದರೂ ಭಾಷೆ ಕೊಡಳು. ಕಂಸಾಳೆಯವರು ತಲೆತಲಾಂತರದಿಂದ ಹಾಡುತ್ತ ಬಂದಿರುವ ಈ 'ಒಲ್ಲೆ'ಗಿಂತ ದೊಡ್ಡ ರ‍್ಯಾಪ್ ವಸ್ತು ನಮ್ಮ ಸೀಮೆಯಲ್ಲಿ ಬೇರೊಂದಿದೆಯೆ? ಆ ಹಾಡಿನಲ್ಲಿ ನನ್ನ ಕಿವಿಯಲ್ಲಿ ನಿಂತದ್ದು ಕಂಸಾಳೆಯವರ ಪಲ್ಲವಿಯೊಂದೇ. ಸಾಲ ತಂದ ಆ ಪಲ್ಲವಿಯನ್ನು ತೆಗೆದಿಟ್ಟರೆ, ಸಾಲಗಾರನ ಸ್ವಂತ ಗಳಿಕೆ ಬಲು ಕಡಿಮೆ.

'ಇದು ಹುಡುಗರ ಮೋಜು, ಇದಕ್ಕೆ ಇಷ್ಟೇಕೆ ತಲೆ ಕೆಡಿಸಿಕೊಳ್ಳುತ್ತೀರಿ?' ಎಂದು ಎರಡನೆಯ ಪಕ್ಷದವರು ಕೇಳುತ್ತಾರೆ. ಕಾರಣವಿದೆ. ಪುಸ್ತಕ ಮುಟ್ಟದ, ಕವಿಗೋಷ್ಠಿಗೆ ಬಾರದ ಹುಡುಗನಿಗೂ ತಲುಪುವ ಕನ್ನಡ ಪದ್ಯ ಇವತ್ತು ಇದೊಂದೇ. ಅವನು ಇದನ್ನು ಬಾಯಿಪಾಠ ಮಾಡುತ್ತಾನೆ; ಸಿಟ್ಟು ಬಂದಾಗ, ಪ್ರೀತಿ ಬಂದಾಗ ಇದರ ಮಾತನ್ನೇ ಆಡುತ್ತಾನೆ. ಆ ಬಾಯಿಗೆ ನಾವು ಬೈಗುಳವನ್ನೂ ಬಡಾಯಿಯನ್ನೂ ಮಾತ್ರ ಕೊಟ್ಟು, ಮೋಜೆಂದು ಸುಮ್ಮನಿದ್ದರೆ ಅದು ಉದಾರತೆಯಲ್ಲ, ಉಪೇಕ್ಷೆ.

ನಮ್ಮ ಊರಿಗೆ ಮಾತಿಲ್ಲವೆ? ನಂಜನಗೂಡು ಸೀಮೆಯ ಆಡುಮಾತಿನಲ್ಲಿ ದೇವನೂರ ಮಹಾದೇವ ಅವರು 1984ರಲ್ಲಿ 'ಕುಸುಮಬಾಲೆ'ಯನ್ನು ಬರೆದು ತೋರಿಸಿದರು. ಮಂಡಿ ಮೊಹಲ್ಲದಲ್ಲಿ ಉರ್ದು ಬೆರೆತ ಕನ್ನಡವಿದೆ; ಅಶೋಕಪುರದಲ್ಲಿ ಹೋರಾಟದ ನೆನಪಿದೆ; ಮೇಟಗಳ್ಳಿಯಲ್ಲಿ ಪಾಳಿ ಮುಗಿಸಿ ಬರುವವರ ದಣಿವಿದೆ; ಊದಿನಕಡ್ಡಿ ಹೊಸೆಯುವ ಹೆಂಗಸರ ಬೆರಳಿಗೆ ತನ್ನದೇ ತಾಳವಿದೆ. ಹಾಡಿನಲ್ಲಿ ಬರುವ ಮೈಸೂರಾದರೋ ಅರಮನೆ, ಆನೆ, ದೀಪಾಲಂಕಾರ, ಇಷ್ಟೆ. ಪ್ರವಾಸಿಗರಿಗೆ ಹಂಚುವ ಚೀಟಿಯಲ್ಲಿಯೂ ಇಷ್ಟೇ ಇರುತ್ತದೆ.

ದಸರೆಯ ವ್ಯವಸ್ಥಾಪಕರಿಗೆ ನನ್ನದೊಂದು ಸಲಹೆ. ಯುವ ದಸರೆಗೆ ಕರೆಸುವ ರ‍್ಯಾಪ್ ಗಾಯಕರನ್ನು ಮಾರನೆಯ ದಿನ ದಸರಾ ಕವಿಗೋಷ್ಠಿಗೂ ಕರೆಯಿರಿ. ದೀಪವಿಲ್ಲ, ಯಂತ್ರವಿಲ್ಲ, ಹಾಳೆ ಹಿಡಿದು ಹಾಡನ್ನು ಓದಲಿ. ಪತ್ರಿಕೆಗಳು ಕವನಸಂಕಲನಗಳನ್ನು ವಿಮರ್ಶಿಸುವ ಅಂಕಣದಲ್ಲೇ ಅವರ ಆಲ್ಬಮುಗಳನ್ನೂ ವಿಮರ್ಶಿಸಲಿ, ಅಷ್ಟೇ ನಿಷ್ಠುರವಾಗಿ. ಗಾಯಕರು ಒಂದೊಂದೇ ಹಾಡನ್ನು ಪಟಾಕಿಯಂತೆ ಹಾರಿಸುವುದನ್ನು ಬಿಟ್ಟು, ಹತ್ತು ಹಾಡುಗಳ ಒಂದು ಕೃತಿಯನ್ನು ಕಟ್ಟಲಿ. ನಲವತ್ತು ನಿಮಿಷ ಸಾಕು. ಒಂದು ಕೇರಿ ಅಷ್ಟರಲ್ಲಿ ಹಿಡಿಯುತ್ತದೆಂದು ಇಪ್ಪತ್ತರ ಹುಡುಗನೊಬ್ಬ ಆಗಲೇ ತೋರಿಸಿದ್ದಾನೆ. ಕಟ್ಟಿದ ದಿನ ಬೈಯುವವರ ಸಾಲಿನಿಂದ ಮೊದಲು ಎದ್ದು ಬರುವವನು ನಾನೇ. ಅಲ್ಲಿಯವರೆಗೆ, ಚಪ್ಪಾಳೆ ಕೇಳಬೇಡಿ.