ಕಪ್ ಗೆದ್ದದ್ದು ಕರ್ನಾಟಕ, ಸುದ್ದಿ ಯಾರಿಗೆ ಗೊತ್ತು?

2023ರ ಮಾರ್ಚ್ 4ರ ರಾತ್ರಿ ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ಕರ್ನಾಟಕದ ಫುಟ್‌ಬಾಲ್ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಎತ್ತಿತು. ರಾಜ್ಯ ರಾಜ್ಯಗಳ ನಡುವೆ ನಡೆಯುವ ಈ ಪಂದ್ಯಾವಳಿಯಲ್ಲಿ ನಾವು ಗೆದ್ದು 54 ವರ್ಷ ಆಗಿತ್ತು. ದಾವಣಗೆರೆಯಲ್ಲಿ ಎಷ್ಟು ಪಟಾಕಿ ಹಾರಿದವು? ಹರಿಹರದಲ್ಲಿ ಎಷ್ಟು ಜನ ಸಿಹಿ ಹಂಚಿದರು? ಒಂದು ಮೆಣಸಿನಕಾಯಿ ಬಜ್ಜಿಯನ್ನೂ ಯಾರೂ ಹಂಚಲಿಲ್ಲ!

ಇದರಲ್ಲಿ ಇನ್ನೊಂದು ವಿಷಯ ಇದೆ, ಅದನ್ನು ಗಮನಿಸಿದವರು ಇನ್ನೂ ಕಡಿಮೆ. ಅದಕ್ಕೆ ಮೊದಲು ನಾವು ಈ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿದ್ದೆವು: 1946-47, 1952-53, 1967-68, 1968-69. ನಾಲ್ಕು ಸಲವೂ ಫೈನಲ್‌ನಲ್ಲಿ ಮಣ್ಣು ಮುಕ್ಕಿದ್ದು ಬಂಗಾಳ. ಆದರೆ ಆ ನಾಲ್ಕೂ ಗೆಲುವು ದಾಖಲೆಯಲ್ಲಿರುವುದು 'ಮೈಸೂರು' ಎಂಬ ಹೆಸರಿನಲ್ಲಿ. 1973ರ ನವೆಂಬರ್ 1ರಂದು ನಾಡಿಗೆ ಕರ್ನಾಟಕ ಎಂದು ಹೆಸರಾಯಿತು. ಆ ಹೆಸರು ಹೊತ್ತ ತಂಡ ಮೊದಲ ಬಾರಿಗೆ ಈ ಟ್ರೋಫಿ ಗೆದ್ದದ್ದು 2023ರಲ್ಲಿ. ಅದೇ ವರ್ಷ ನವೆಂಬರ್‌ನಲ್ಲಿ ಹೆಸರಿಗೆ ಐವತ್ತು ವರ್ಷವೆಂದು ಸರ್ಕಾರ ದೀಪ ಹಚ್ಚಿತು, ನಾವೂ ಬಾವುಟ ಕಟ್ಟಿ ಮೆರವಣಿಗೆ ಮಾಡಿದೆವು. ನಾನು ಕೇಳಿದ ಭಾಷಣಗಳಲ್ಲಂತೂ ಆ ಹನ್ನೊಂದು ಹುಡುಗರ ಮಾತು ಬರಲಿಲ್ಲ.

ಗೆಳೆಯರೇ, ನಿಮ್ಮಲ್ಲಿ ಅನೇಕರಿಗೆ ಬಾರ್ಸಿಲೋನಾ ಕ್ಲಬ್ಬಿನ ಚರಿತ್ರೆ ಬಾಯಿಪಾಠ. ಕ್ಯಾಟಲನ್ ಭಾಷೆಯ ಜನ ಆ ಕ್ಲಬ್ಬನ್ನು ಹೇಗೆ ತಮ್ಮ ಬಾವುಟ ಮಾಡಿಕೊಂಡರು ಅಂತ ಟೀ ಅಂಗಡಿಯಲ್ಲಿ ನೀವು ಹೇಳುವುದನ್ನು ಕೇಳಿದ್ದೇನೆ. ಸಂತೋಷ. ಬೆಂಗಳೂರು ಮುಸ್ಲಿಮ್ಸ್ ಎಂಬ ಕ್ಲಬ್ಬಿನ ಹೆಸರು ಕೇಳಿದ್ದೀರಾ? ಮುಂಬಯಿಯ ರೋವರ್ಸ್ ಕಪ್ ಶುರುವಾದದ್ದು 1891ರಲ್ಲಿ. ನಲವತ್ತೈದು ವರ್ಷ ಅದನ್ನು ಬ್ರಿಟಿಷ್ ಪಲ್ಟನ್ನುಗಳೇ ತಮ್ಮ ತಮ್ಮಲ್ಲಿ ಹಂಚಿಕೊಂಡವು. 1937ರಲ್ಲಿ ಅದನ್ನು ಕಿತ್ತುಕೊಂಡ ಮೊದಲ ಭಾರತೀಯ ತಂಡ ಕಲ್ಕತ್ತೆಯದಲ್ಲ, ಮುಂಬಯಿಯದೂ ಅಲ್ಲ, ನಮ್ಮ ಬೆಂಗಳೂರು ಮುಸ್ಲಿಮ್ಸ್. ಫೈನಲ್‌ನಲ್ಲಿ ಸೋತದ್ದು ಕಲ್ಕತ್ತೆಯ ಮಹಮ್ಮಡನ್ ಸ್ಪೋರ್ಟಿಂಗ್. 1938ರಲ್ಲಿ ಮತ್ತೆ ಗೆದ್ದರು, 1948ರಲ್ಲಿ ಮೂರನೆಯ ಸಲ.

ಮೋಹನ್ ಬಗಾನ್ 1911ರಲ್ಲಿ ಇಂಗ್ಲಿಷ್ ಪಲ್ಟನ್ನನ್ನು ಸೋಲಿಸಿ ಶೀಲ್ಡ್ ಗೆದ್ದ ಜುಲೈ 29ನೇ ತಾರೀಕನ್ನು ಬಂಗಾಳಿಗಳು ಇಂದಿಗೂ ಹಬ್ಬದಂತೆ ಆಚರಿಸುತ್ತಾರೆ. ಅದರ ಮೇಲೆ ಸಿನಿಮಾ ಬಂದಿದೆ. ನಮ್ಮ 1937ರ ಗೆಲುವಿನ ತಾರೀಕು ನಮ್ಮಲ್ಲಿ ಯಾರಿಗೆ ಗೊತ್ತು?

1948ರ ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತ ಫ್ರಾನ್ಸಿಗೆ 2-1ರಿಂದ ಸೋತಿತು. ಆ ಒಂದು ಗೋಲು ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊಟ್ಟಮೊದಲ ಗೋಲು. ಹೊಡೆದವರು ಬೆಂಗಳೂರಿನ ಎಸ್. ರಾಮನ್. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್, ಧನರಾಜ್ ಕೂಡ ಬೆಂಗಳೂರಿನವರೇ. ಮುಂದೆ ಈ ಇಬ್ಬರೂ ಕಲ್ಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್ ಕ್ಲಬ್ಬಿನ 'ಪಂಚಪಾಂಡವ'ರಲ್ಲಿ ಸೇರಿ ಹೆಸರಾದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನಕ್ಕೆ ಬಂತಲ್ಲ, ಆ ತಂಡದಲ್ಲಿ ಮೈಸೂರಿನ ಕೆಂಪಯ್ಯ ಇದ್ದರು. 1960ರ ರೋಮ್‌ಗೂ ಹೋದರು. ಕೆಂಪಯ್ಯ! ಇದಕ್ಕಿಂತ ಕನ್ನಡದ ಹೆಸರು ಬೇಕೇ? ಅವರನ್ನೂ ಈಗ ನೆನೆಯುವವರು ಮೋಹನ್ ಬಗಾನ್ ಅಭಿಮಾನಿಗಳು.

ಅಂದರೆ ಆಟಗಾರರನ್ನು ಹೆತ್ತವರು ನಾವು, ಜಮಾ ಮಾಡಿಕೊಂಡವರು ಕಲ್ಕತ್ತದವರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಅನ್ನ ಹಾಕಿದರು, ಮರ್ಯಾದೆ ಕೊಟ್ಟರು, ತಮ್ಮ ಭಾಷೆಯಲ್ಲಿ ಬರೆದಿಟ್ಟರು. ನಾವೇನು ಮಾಡಿದೆವು? "ಅದು ದಂಡಿನವರ ಆಟ ಕಣಯ್ಯಾ" ಅಂದೆವು. ಬೆಂಗಳೂರಿನ ದಂಡುಪ್ರದೇಶ, ಹಲಸೂರು, ಆಸ್ಟಿನ್ ಟೌನು, ಗೌತಮಪುರದ ಹುಡುಗರು ಮನೆಯಲ್ಲಿ ತಮಿಳೋ ಉರ್ದುವೋ ತೆಲುಗೋ ಆಡುತ್ತಾರೆ, ನಮ್ಮವರಲ್ಲ ಅಂದೆವು. ಗೌತಮಪುರದವರು ಪೆಲೆಯ ಪ್ರತಿಮೆ ಇಟ್ಟುಕೊಂಡಿದ್ದಾರೆ. ನಾವು ಯಾರದಾದರೂ ಇಟ್ಟಿದ್ದೇವಾ?

ಕನ್ನಡ ಹೋರಾಟದವರಿಗೆ ಈ ಮಾತು ಸ್ವಲ್ಪ ಖಾರ ಅನ್ನಿಸಬಹುದು, ಆದರೂ ಹೇಳುತ್ತೇನೆ. 2023ರ ಫೈನಲ್‌ನಲ್ಲಿ ನಮಗೆ ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕೆ ಓರಾಮ್, ರಾಬಿನ್ ಯಾದವ್. ಈ ಹೆಸರು ಕೇಳಿದ ತಕ್ಷಣ "ಇವರೆಲ್ಲ ಕನ್ನಡಿಗರಾ?" ಎಂದು ಹುಬ್ಬೇರಿಸುವವರು ನಮ್ಮಲ್ಲೇ ಇದ್ದಾರೆ. ಎದೆಯ ಮೇಲೆ ಕರ್ನಾಟಕ ಎಂದು ಹಾಕಿಕೊಂಡು ಓಡಿದವನು ನಮ್ಮವನು. ಅವನಿಗೆ ಕನ್ನಡ ಬರದಿದ್ದರೆ ಕಲಿಸಬೇಕಾದದ್ದು ನಮ್ಮ ಕೆಲಸ. ದೂರ ತಳ್ಳಿದರೆ ಅಹ್ಮದ್ ಖಾನ್‌ರನ್ನು ಕಳೆದುಕೊಂಡ ಹಾಗೆ ಇವರನ್ನೂ ಕಳೆದುಕೊಳ್ಳುತ್ತೇವೆ.

ಹೆಸರು ಹೀಗೆ ಬೇರೆಯವರ ಪಾಲಾಗುವುದು ನಮ್ಮೊಬ್ಬರ ಕತೆಯಲ್ಲ. ಉಕ್ರೇನ್ ನೋಡಿ. 2022ರ ಯುದ್ಧದಲ್ಲಿ ನಮ್ಮ ಭಾಗದ ವೈದ್ಯಕೀಯ ವಿದ್ಯಾರ್ಥಿಯೊಬ್ಬನನ್ನು ಕಳೆದುಕೊಂಡ ಮೇಲೆ ಆ ದೇಶದ ಹೆಸರು ನಮ್ಮ ಮನೆಮನೆಗೂ ಬಂತು. ಅದರ ರಾಜಧಾನಿ ಕೀವ್‌ನ ಡೈನಮೋ ಕ್ಲಬ್ 1975ರಲ್ಲಿ ಯುರೋಪಿನ ಕಪ್ ವಿನ್ನರ್ಸ್ ಕಪ್ ಗೆದ್ದಿತು. ಅದರ ಆಟಗಾರ ಬ್ಲೊಖಿನ್ ಆ ವರ್ಷ ಯುರೋಪಿನ ಶ್ರೇಷ್ಠ ಆಟಗಾರ ಅನ್ನಿಸಿಕೊಂಡ. ಸೋವಿಯತ್ ರಾಷ್ಟ್ರೀಯ ತಂಡ ಅಂದರೆ ಆಗ ಹೆಚ್ಚುಕಡಿಮೆ ಕೀವ್ ತಂಡವೇ. ಆದರೂ ಹೊರಗಿನವರ ಬಾಯಲ್ಲಿ ಅವರೆಲ್ಲ 'ರಷ್ಯನ್ನರು'. ಊರಿನ ಹೆಸರನ್ನೂ ಇಂಗ್ಲಿಷ್ ಪತ್ರಿಕೆಗಳು ರಷ್ಯನ್ ಉಚ್ಚಾರಣೆಯಂತೆಯೇ ಬರೆದವು. ಉಕ್ರೇನಿನವರು ಹಠ ಹಿಡಿದು ಕುಳಿತರು. ಕಡೆಗೆ ದೊಡ್ಡ ಸುದ್ದಿಸಂಸ್ಥೆಗಳು ಕಾಗುಣಿತ ತಿದ್ದಿಕೊಂಡವು. ಬ್ಯಾಂಗಲೂರ್ ಹೋಗಿ ಬೆಂಗಳೂರು ಆಗಲಿಲ್ಲವೇ, ಹಾಗೆ.

ಅದೇ ದೇಶದ ಪಶ್ಚಿಮಕ್ಕೆ ಲ್ವೀವ್ ಎಂಬ ಊರು, ಅಲ್ಲಿ ಕಾರ್ಪಾತಿ ಎಂಬ ಕ್ಲಬ್. ಹುಟ್ಟಿದ್ದು 1963ರಲ್ಲಿ. ಎರಡನೆಯ ದರ್ಜೆಯ ಲೀಗ್‌ನಲ್ಲಿ ಆಡುತ್ತಿದ್ದ ಈ ತಂಡ 1969ರಲ್ಲಿ ಮಾಸ್ಕೋಗೇ ಹೋಗಿ, ರೊಸ್ತೋವ್‌ನ ಸೇನಾ ತಂಡವನ್ನು 2-1ರಿಂದ ಸೋಲಿಸಿ ಸೋವಿಯತ್ ಕಪ್ ಗೆದ್ದಿತು. ಕೆಳದರ್ಜೆಯ ಇನ್ನಾವ ತಂಡವೂ ಆ ಕಪ್ ಗೆಲ್ಲಲಿಲ್ಲ. ಗ್ಯಾಲರಿಯಲ್ಲಿ ಲ್ವೀವ್‌ನ ಜನ ತಮ್ಮ ಭಾಷೆಯ ಹಾಡು ಹಾಡಿದರು, ಅದೂ ಮಾಸ್ಕೋದ ನಡುಮಧ್ಯೆ! ಆ ಕತೆಯನ್ನು ಅವರು ಇಂದಿಗೂ ಹೇಳಿಕೊಳ್ಳುತ್ತಾರೆ. ಅದೇ 1968-69ರಲ್ಲಿ ನಾವೂ ಬಂಗಾಳವನ್ನು ಮಣಿಸಿದ್ದೆವು. ನಮ್ಮ ಕತೆ ಎಲ್ಲಿ ಹೋಯಿತು?

ಈಗ ನಮ್ಮ ಕಾಲದ ಕ್ಲಬ್ಬಿಗೆ ಬರೋಣ. 2013ರ ಜುಲೈನಲ್ಲಿ ಹೊಸ ತಂಡವೊಂದು 'ಬೆಂಗಳೂರು ಎಫ್‌ಸಿ' ಎಂದು ಹೆಸರಿಟ್ಟುಕೊಂಡಿತು. ನಗರದ ಹೆಸರನ್ನು ಅಧಿಕೃತವಾಗಿ ಬೆಂಗಳೂರು ಎಂದು ಬದಲಿಸಿದ್ದು 2014ರ ನವೆಂಬರ್ 1ರಂದು. ಅಂದರೆ ಕ್ಲಬ್ಬು ಒಂದು ವರ್ಷ ಮೊದಲೇ ಕನ್ನಡದ ಹೆಸರು ಹಿಡಿದಿತ್ತು, ಇದಕ್ಕೆ ಶಹಬ್ಬಾಸ್ ಅನ್ನಲೇಬೇಕು. ಮೊದಲ ವರ್ಷವೇ ಐ-ಲೀಗ್ ಗೆದ್ದರು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆದರು. 2019ರಲ್ಲಿ ಗೋವಾವನ್ನು ಸೋಲಿಸಿ ಐಎಸ್‌ಎಲ್ ಗೆದ್ದರು.

ಈ ಕ್ಲಬ್ ಕಟ್ಟಿದವರು ಜೆಎಸ್‌ಡಬ್ಲ್ಯು ಕಂಪನಿಯವರು. ಅವರ ದೊಡ್ಡ ಉಕ್ಕಿನ ಕಾರ್ಖಾನೆ ಇರುವುದು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ. ಅಲ್ಲಿ ಉರಿಯುವುದು ಈ ಸೀಮೆಯ ಅದಿರು. ಹಾಗಾಗಿ ಅಧಿಕಾರದಿಂದಲೇ ಕೇಳುತ್ತೇನೆ: ಜರ್ಸಿಯ ಮೇಲೆ ಆಟಗಾರನ ಹೆಸರು ಕನ್ನಡ ಅಕ್ಷರದಲ್ಲಿ ಬರಲಿ. ಟಿಕೆಟ್ ಕನ್ನಡದಲ್ಲಿ ಇರಲಿ. ದಾವಣಗೆರೆ, ಹರಿಹರ, ರಾಣೆಬೆನ್ನೂರಿನ ಹುಡುಗರಿಗೆ ವರ್ಷಕ್ಕೊಮ್ಮೆ ಆಯ್ಕೆ ಶಿಬಿರ ಇಲ್ಲೇ ನಡೆಸಲಿ.

ನಮ್ಮೂರಿನವರಿಗೂ ಒಂದು ಮಾತಿದೆ. ಕಾರ್ಖಾನೆ ಊರು ಅಂದರೆ ಫುಟ್‌ಬಾಲ್ ಊರು ಆಗಬೇಕಿತ್ತು. ಉಕ್ರೇನಿನ ಖಾರ್ಕಿವ್‌ನಲ್ಲಿ ರೈಲ್ವೆ ಎಂಜಿನ್ ಕಾರ್ಖಾನೆಯ ಕೆಲಸಗಾರರು 1925ರಲ್ಲಿ ಕಟ್ಟಿದ ತಂಡವೇ ಮುಂದೆ ಮೆಟಲಿಸ್ಟ್ ಆಯಿತು. ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐ ತಂಡಗಳು ಹೀಗೇ ಬೆಳೆದವು. ಹರಿಹರದಲ್ಲಿ 1941ರಲ್ಲೇ ಕಿರ್ಲೋಸ್ಕರ್ ಕಾರ್ಖಾನೆ ಬಂತು. ಅಲ್ಲಿನ ಲೇತ್ ದೇಶಕ್ಕೆಲ್ಲ ಹೋಯಿತು. ದಾವಣಗೆರೆಯ ಬಟ್ಟೆ ಗಿರಣಿಗಳು ಮ್ಯಾಂಚೆಸ್ಟರ್ ಅನ್ನಿಸಿಕೊಂಡವು. ಮ್ಯಾಂಚೆಸ್ಟರಿಗೆ ಎರಡು ಫುಟ್‌ಬಾಲ್ ಕ್ಲಬ್ ಇವೆ ಸ್ವಾಮಿ! ನಮ್ಮ ಮ್ಯಾಂಚೆಸ್ಟರಿನಲ್ಲಿ ಗಿರಣಿಯೂ ಹೋಯಿತು, ಕಿರ್ಲೋಸ್ಕರೂ ಮುಚ್ಚಿತು, ದೇಶ ಬಲ್ಲ ಒಂದು ತಂಡದ ಹೆಸರೂ ಉಳಿಯಲಿಲ್ಲ.

ನಾನು ಪ್ರೆಸ್ ಇಟ್ಟವನು. ಟೂರ್ನಮೆಂಟ್ ಪೋಸ್ಟರ್ ಮಾಡಿಸಲು ಹುಡುಗರು ಬರುತ್ತಾರೆ. ಮೆಸ್ಸಿ ಫೋಟೋ, ರೊನಾಲ್ಡೊ ಫೋಟೋ, ಇಂಗ್ಲಿಷಿನಲ್ಲಿ ತಂಡದ ಹೆಸರು. "ಕನ್ನಡದಲ್ಲಿ ಹಾಕೋಣ ಕಣಪ್ಪಾ" ಅಂದರೆ "ಲುಕ್ ಬರಲ್ಲ ಅಂಕಲ್" ಅನ್ನುತ್ತಾರೆ. ಲುಕ್ ಅಕ್ಷರದಿಂದ ಹೋಗುವುದಿಲ್ಲ. ಕನ್ನಡದಲ್ಲಿ ಹಾಕಲು ತಮ್ಮ ಹೆಮ್ಮೆಯ ಒಂದು ಹೆಸರೂ ಅವರಿಗೆ ಗೊತ್ತಿಲ್ಲ, ಲುಕ್ ಹೋಗುವುದು ಅಲ್ಲಿ. ಹೇಳಿಕೊಡದವರು ನಾವು.

ಬರುವ ರಾಜ್ಯೋತ್ಸವಕ್ಕೆ ಒಂದು ಗೋಡೆಪತ್ರ ಮಾಡೋಣ. ರಾಮನ್, ಅಹ್ಮದ್ ಖಾನ್, ಧನರಾಜ್, ಕೆಂಪಯ್ಯ. ಕೆಳಗೆ 1937ರ ರೋವರ್ಸ್ ಕಪ್, ಐದು ಸಂತೋಷ್ ಟ್ರೋಫಿಯ ವರ್ಷಗಳು, ರಿಯಾದ್ ತಂಡದ ಅಷ್ಟೂ ಹೆಸರು. ದಾವಣಗೆರೆ, ಹರಿಹರದ ಒಂದೊಂದು ಹೈಸ್ಕೂಲಿಗೂ ಒಂದೊಂದು ಪ್ರತಿ. ಕಾಗದದ ದುಡ್ಡು ಸಂಘದವರು ಹಾಕಿ, ಅಚ್ಚಿನ ಕೂಲಿ ನನಗೆ ಬೇಡ. ಅಕ್ಟೋಬರ್ 20ರ ಒಳಗೆ ಬಂದರೆ ಸಾಕು, ಆಮೇಲೆ ಮದುವೆ ಕಾರ್ಡಿನ ಗದ್ದಲ ಶುರುವಾಗುತ್ತದೆ.